ಗುಂಡಿ ಒತ್ತಿದ ಮಾತ್ರಕ್ಕೆ ದೊರೆಯದ ಖಾಸಗಿತನ

ನಾಳೆಯಿಂದ ಹೊಸ ನಿಯಮಗಳು ಜಾರಿಗೆ ಬರುವುವೆಂದೂ, ಎಲ್ಲರ ಕರೆಗಳನ್ನೂ ರೆಕಾರ್ಡ್ ಮಾಡಲಾಗುವುದೆಂದೂ, ಕಳುಹಿಸಿದ ಸಂದೇಶದ ಪಕ್ಕದಲ್ಲಿ ಎರಡು ನೀಲಿ ಗುರುತುಗಳೊಡನೆ ಒಂದು ಕೆಂಪು ಗುರುತು ಕಂಡರೆ ಸರ್ಕಾರವು ಕ್ರಮ ಕೈಗೊಳ್ಳಬಹುದೆಂದು ತಿಳಿಯತಕ್ಕದ್ದೆಂದೂ ಎಚ್ಚರಿಸುವ ಸಂದೇಶವೊಂದು ಕನ್ನಡದ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹಲವು ವರ್ಷಗಳಿಂದ ಮತ್ತೆ ಮತ್ತೆ ಸುತ್ತುತ್ತಿದೆ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವು ಇದು ಶುದ್ಧ ಸುಳ್ಳೆಂದು ಒಂದಕ್ಕಿಂತ ಹೆಚ್ಚು ಸಲ ಸಾರಿ ಹೇಳಿದ್ದರೂ ಅದರ ಸಂಚಾರ ನಿಂತಿಲ್ಲ. ಇದರ ಹಿರಿಯ ಸೋದರನೆನ್ನಬಹುದಾದ ಇನ್ನೊಂದು ಘೋಷಣೆ, ತನ್ನ ಚಿತ್ರಗಳನ್ನು ಬಳಸಿಕೊಳ್ಳಲು ಫೇಸ್‌ಬುಕ್ಕಿಗೆ ತಾನು ಅನುಮತಿ ಕೊಡುವುದಿಲ್ಲವೆಂದು ಬರೆದು ಗೋಡೆಗೆ ಅಂಟಿಸಿದರೆ ರಕ್ಷಣೆ ದೊರೆಯುವುದೆಂಬ ಘೋಷಣೆ, ಜಗತ್ತಿನಾದ್ಯಂತ 2012ರಿಂದಲೂ ಪ್ರಚಾರದಲ್ಲಿದೆ. ಇಂಥವುಗಳನ್ನು ಭಕ್ತಿಯಿಂದ ಫಾರ್ವರ್ಡ್ ಮಾಡುವ ಸಜ್ಜನರಲ್ಲಿ ಬಹುಮಂದಿ ತಮ್ಮದೇ ಮೊಬೈಲಿನ ಪ್ರೈವೆಸಿ ಪುಟವನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಇಲ್ಲದ ಅಪಾಯಕ್ಕೆ ಅಂಜುವುದೂ, ಇರುವ ಅಪಾಯವನ್ನು ಕಾಣದಿರುವುದೂ ಒಂದೇ ಅಜ್ಞಾನದ ಎರಡು ಫಲಗಳು.

ಈ ಮಾತನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ನೆಲದಲ್ಲಿ ನಿಂತು ಹೇಳುವುದಕ್ಕೆ ವಿಶೇಷವಾದ ಔಚಿತ್ಯವಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸುವುದಕ್ಕಾಗಿ ಸಮಿತಿಯೊಂದನ್ನು ರಚಿಸಿ ನಾಡಿನ ಗಮನವನ್ನು ಸೆಳೆದರು. ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಪರೀಕ್ಷೆಗೊಳಪಡಿಸದೆ ಒಪ್ಪಲಾಗದೆಂಬ ಆ ನಿಷ್ಠುರವಾದ ವೈಚಾರಿಕತೆಯನ್ನು ನಾವು ಇಂದು ಅಂಗೈಯಲ್ಲಿರುವ ಯಂತ್ರದ ಮೇಲೆ ಪ್ರಯೋಗಿಸಬೇಕಾಗಿದೆ. ಏಕೆಂದರೆ ಖಾಸಗಿತನದ ಸೆಟ್ಟಿಂಗ್ಸ್ ಎಂಬುದರ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಹಲವು ಪರೀಕ್ಷೆಗೆ ನಿಲ್ಲತಕ್ಕವಲ್ಲ.

ಮೂಲಭೂತವಾದ ಭ್ರಾಂತಿಯನ್ನು ಮೊದಲು ಪರಿಶೀಲಿಸೋಣ. ನಾವು ಮೊಬೈಲಿನಲ್ಲಿ ಬಿಟ್ಟುಕೊಡುವ ಮಾಹಿತಿಗೆ ಮೂರು ಗತಿಗಳುಂಟು: ಅದನ್ನು ಯಾರು ನೋಡುತ್ತಾರೆ ಎಂಬುದು ಒಂದು, ನೋಡಿದವರು ಅದನ್ನು ಎಲ್ಲಿಗೆ ಕೊಂಡೊಯ್ಯುತ್ತಾರೆ ಎಂಬುದು ಇನ್ನೊಂದು, ಮಾಧ್ಯಮವನ್ನು ನಡೆಸುವ ಕಂಪನಿಯು ಅದರಿಂದ ಏನನ್ನು ಸಂಗ್ರಹಿಸಿಟ್ಟುಕೊಳ್ಳುತ್ತದೆ ಎಂಬುದು ಮತ್ತೊಂದು. ಸೆಟ್ಟಿಂಗ್ಸ್ ಪುಟದಲ್ಲಿ ನಾವು ಆಯ್ದುಕೊಳ್ಳುವ ಆಯ್ಕೆಗಳ ಅಧಿಕಾರವು ಬಹುಮಟ್ಟಿಗೆ ಮೊದಲನೆಯದಕ್ಕೆ, ಅಂದರೆ ನೋಟಕ್ಕೆ, ಸೀಮಿತವಾಗಿದೆ. ಎರಡನೆಯದಾದ ಪ್ರಸಾರದ ಮೇಲೆ ಅವಕ್ಕಿರುವ ಹಿಡಿತ ಅತ್ಯಲ್ಪ. ಮೂರನೆಯದಾದ ಸಂಗ್ರಹದ ಮೇಲೆ ಇನ್ನೂ ಅಲ್ಪ. ಆದರೂ ಗುಂಡಿಯೊಂದನ್ನು ಒತ್ತಿದವನ ಮನಸ್ಸಿನಲ್ಲಿ ಮೂರೂ ಭದ್ರವಾದುವೆಂಬ ಸಮಾಧಾನ ಹುಟ್ಟುತ್ತದೆ. ಆ ಸಮಾಧಾನವು ಎಚ್ಚರವನ್ನು ಕಡಿಮೆ ಮಾಡುವುದರಿಂದ, ಅರ್ಧ ತಿಳಿದ ಸೆಟ್ಟಿಂಗ್ಸ್ ಒಮ್ಮೊಮ್ಮೆ ಏನೂ ತಿಳಿಯದ ಸ್ಥಿತಿಗಿಂತ ಹೆಚ್ಚು ಹಾನಿಕರವಾಗುವುದುಂಟು.

ನೋಟದ ವಿಷಯವನ್ನೇ ತೆಗೆದುಕೊಂಡರೂ, ವಾಟ್ಸ್‌ಆ್ಯಪ್‌ನಲ್ಲಿ ನಾವು ಏನನ್ನೂ ಬದಲಾಯಿಸದೆ ಬಿಟ್ಟರೆ ನಮ್ಮ ಡಿಪಿಯನ್ನು ಅಪರಿಚಿತರು ಸಹ ನೋಡಬಹುದು, ನಮ್ಮನ್ನು ಯಾರು ಬೇಕಾದರೂ ಗ್ರೂಪಿಗೆ ಸೇರಿಸಬಹುದು. ಸ್ಟೇಟಸ್ ಮಾತ್ರ ನಮ್ಮ ಕಾಂಟ್ಯಾಕ್ಟ್ಸ್ ಪಟ್ಟಿಯಲ್ಲಿರುವವರಿಗೆ ಕಾಣುತ್ತದೆ. ಆ ಪಟ್ಟಿಯಲ್ಲಿ ಯಾರಿದ್ದಾರೆಂಬುದನ್ನು ಸಮೀಪದಿಂದ ನೋಡಬೇಕು. ಶಿಡ್ಲಘಟ್ಟದ ಕಡೆಯ ಒಬ್ಬ ರೇಷ್ಮೆಗೂಡು ಬೆಳೆಗಾರನ ಮೊಬೈಲಿನಲ್ಲಿ ಮರಿಹುಳುಗಳನ್ನು ಸಾಕಿಕೊಡುವ ಚಾಕಿ ಕೇಂದ್ರದವರು, ಹಿಪ್ಪುನೇರಳೆ ಸೊಪ್ಪು ಮಾರುವವರು, ಗೂಡನ್ನು ಮಾರುಕಟ್ಟೆಗೆ ಸಾಗಿಸುವ ಟೆಂಪೊ ಚಾಲಕ, ಹರಾಜಿನಲ್ಲಿ ಪರಿಚಯವಾದ ರೀಲರುಗಳು, ಔಷಧದ ಅಂಗಡಿಯವರು, ಒಮ್ಮೆ ಬೋರ್‌ವೆಲ್ ಕೊರೆಸಿದಾಗ ಬಂದಿದ್ದ ಏಜೆಂಟ್, ಸಾಲದ ಕಂತು ವಸೂಲಿಗೆ ಬರುವ ನೌಕರ, ಇವರೆಲ್ಲರ ನಂಬರುಗಳು ಇರುತ್ತವೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ವ್ಯವಹರಿಸುವವನ ಪಟ್ಟಿಯಲ್ಲಿ ಮದನಪಲ್ಲಿಯ ಲಾರಿಯವನಿಂದ ಚೆನ್ನೈನ ವ್ಯಾಪಾರಿಯವರೆಗೆ ನೂರಾರು ಜನ. ಇವರಲ್ಲಿ ಯಾರು ಅವನ ನಂಬರನ್ನು ಉಳಿಸಿಕೊಂಡಿದ್ದಾರೋ ಅವರೆಲ್ಲರೂ, ಅವನು ಮಗಳ ಸೀಮಂತದ ಆರತಿಯ ಚಿತ್ರವನ್ನು ಸ್ಟೇಟಸ್‌ಗೆ ಹಾಕಿದಾಗ ಆ ಮನೆಯ ಪಡಸಾಲೆಯನ್ನು ನೋಡುತ್ತಾರೆ. ವ್ಯವಹಾರಕ್ಕೆ ಬೇಕಾದವರ ಪಟ್ಟಿಯನ್ನು ಆಪ್ತರ ಪಟ್ಟಿಯೆಂದು ಭಾವಿಸುವುದೇ ಇಲ್ಲಿಯ ಪ್ರಮಾದ. ಕೆಲವರನ್ನು ಹೊರತುಪಡಿಸುವ, ಇಲ್ಲವೆ ಆಯ್ದ ಕೆಲವರಿಗೆ ಮಾತ್ರ ತೋರಿಸುವ ಅವಕಾಶವು ಅದೇ ಸ್ಟೇಟಸ್‌ನ ಪ್ರೈವೆಸಿ ಪುಟದಲ್ಲಿ ಇದ್ದರೂ ಅದರ ಬಳಕೆ ವಿರಳ.

ಸಣ್ಣ ಊರುಗಳಿಗೆ ಇನ್ನೊಂದು ವಿಶಿಷ್ಟವಾದ ತೊಡಕಿದೆ. ಫೇಸ್‌ಬುಕ್‌ನಲ್ಲಿ ಸ್ನೇಹಿತರ ಸ್ನೇಹಿತರಿಗೆ ಕಾಣಿಸಲೆಂದು ಆಯ್ದುಕೊಂಡರೆ, ಮಹಾನಗರದಲ್ಲಿ ಅದು ಅಪರಿಚಿತರ ಒಂದು ಚದುರಿದ ಸಮೂಹವಾಗಬಹುದು. ಗೌರಿಬಿದನೂರಿನಂಥ ಪಟ್ಟಣದಲ್ಲಿ ಅದು ಹೆಚ್ಚುಕಡಮೆ ಇಡೀ ಊರೇ ಆಗುತ್ತದೆ. ಹೆಸರನ್ನು ಮರೆಮಾಡಿದರೂ ಮನೆಯ ಮುಂದಿನ ಕಟ್ಟೆಯಿಂದ, ಶಾಲೆಯ ಸಮವಸ್ತ್ರದ ಬಣ್ಣದಿಂದ, ಹಿಂದೆ ಕಾಣುವ ಬಸ್ಸಿನ ಹೆಸರಿನಿಂದ ಇಂಥವರದೇ ಚಿತ್ರವೆಂದು ಊರಿನವರು ಕ್ಷಣಮಾತ್ರದಲ್ಲಿ ಗುರುತಿಸಬಲ್ಲರು. ಎಲ್ಲರೂ ಎಲ್ಲರನ್ನೂ ಬಲ್ಲ ಸಮಾಜದಲ್ಲಿ ಸೋರಿದ ಮಾತಿಗೆ ಅಜ್ಞಾತವಾಗಿ ಉಳಿಯುವ ಭಾಗ್ಯವಿಲ್ಲ. ಅಂತೆಯೇ, ಮನೆಗೆ ಬೀಗ ಹಾಕಿ ಕುಟುಂಬಸಮೇತ ತಿರುಪತಿಗೆ ಹೊರಟವರು ದಾರಿಯುದ್ದಕ್ಕೂ ಹಾಕುವ ಚಿತ್ರಗಳು ಬಂಧುಗಳಿಗೆ ಸಂತೋಷವನ್ನು ತಿಳಿಸುವಷ್ಟೇ ಸ್ಪಷ್ಟವಾಗಿ ಮನೆ ಖಾಲಿಯಿದೆಯೆಂಬ ವಾರ್ತೆಯನ್ನೂ ತಿಳಿಸುತ್ತವೆ. ಹಿಂತಿರುಗಿದ ಮೇಲೆ ಹಾಕಿದರೆ ಸಂತೋಷಕ್ಕೆ ಕೊರತೆಯೇನೂ ಆಗದು.

ಇನ್ನು ಪ್ರಸಾರದ ಕುರಿತಾದ ಭ್ರಮೆಗಳು. ಭಾರತದ ಮಹಿಳೆಯರು ತಮ್ಮ ಚಿತ್ರಗಳ ದುರುಪಯೋಗಕ್ಕೆ ಅಂಜುತ್ತಾರೆಂಬುದನ್ನು ಕಂಡುಕೊಂಡ ಫೇಸ್‌ಬುಕ್, 2017ರಲ್ಲಿ ಪ್ರೊಫೈಲ್ ಚಿತ್ರಕ್ಕೆ ರಕ್ಷಾಕವಚವನ್ನೂ 2020ರಲ್ಲಿ ಇಡೀ ಪ್ರೊಫೈಲಿಗೆ ಬೀಗ ಹಾಕುವ ವ್ಯವಸ್ಥೆಯನ್ನೂ ನಮ್ಮ ದೇಶದಲ್ಲಿ ಜಾರಿಗೆ ತಂದಿತು. ವಾಟ್ಸ್‌ಆ್ಯಪ್ 2024ರಲ್ಲಿ ಡಿಪಿಯ ಸ್ಕ್ರೀನ್‌ಶಾಟ್ ತೆಗೆಯುವುದನ್ನು ತಡೆಯಿತು. ಇವು ಪ್ರಯೋಜನಕಾರಿಯಾದ ಕ್ರಮಗಳೇ ಹೌದು. ಆದರೆ ಪಕ್ಕದಲ್ಲಿರುವ ಇನ್ನೊಂದು ಮೊಬೈಲಿನ ಕ್ಯಾಮೆರಾವನ್ನು ಯಾವ ಸೆಟ್ಟಿಂಗ್ ತಡೆಯಬಲ್ಲುದು? ಪ್ರೈವೇಟ್ ಮಾಡಿದ ಇನ್‌ಸ್ಟಾಗ್ರಾಂ ಖಾತೆಯ ಚಿತ್ರವನ್ನು ಒಪ್ಪಿಗೆ ಪಡೆದ ಅನುಯಾಯಿಯೊಬ್ಬಳು ತೆಗೆದು ತನ್ನ ಗೆಳತಿಯರ ಗ್ರೂಪಿಗೆ ಹಾಕಿದರೆ, ಅಲ್ಲಿಂದ ಮುಂದೆ ಅದರ ಮೇಲೆ ಯಾರ ಹತೋಟಿಯೂ ಇಲ್ಲ. ಎಲ್ಲರಿಗೂ ಅಳಿಸುವ ಆಯ್ಕೆಯನ್ನು ಬಳಸಿದೆನೆಂದು ನೆಮ್ಮದಿಗೊಳ್ಳುವವನು, ಅಷ್ಟರಲ್ಲಿ ಎಷ್ಟು ಮಂದಿ ಅದನ್ನು ನೋಡಿ ಉಳಿಸಿಕೊಂಡಿದ್ದಾರೆಂಬುದನ್ನು ಅರಿಯನು. ಬ್ಲಾಕ್ ಮಾಡಿದ ವ್ಯಕ್ತಿಯು ನಮ್ಮಿಬ್ಬರಿಗೂ ಸಾಮಾನ್ಯವಾದ ಗ್ರೂಪಿನಲ್ಲಿ ನಮ್ಮ ಮಾತುಗಳನ್ನು ಓದುತ್ತಲೇ ಇರುತ್ತಾನೆ. ಆ ಗ್ರೂಪಿನ ಪ್ರತಿಯೊಬ್ಬ ಸದಸ್ಯನಿಗೂ ನಮ್ಮ ಫೋನ್ ನಂಬರು ದೊರೆತೇ ಇರುತ್ತದೆ.

ಫೇಸ್‌ಬುಕ್‌ನಲ್ಲಿ ನನ್ನ ಖಾತೆಗೆ ಬಿಗಿಯಾದ ಸೆಟ್ಟಿಂಗ್ ಇದೆಯೆಂದು ನಂಬಿ, ಬೇರೊಬ್ಬರ ಸಾರ್ವಜನಿಕ ಪೋಸ್ಟಿನ ಕೆಳಗೆ ಮನೆಯ ವಿಷಯವನ್ನು ಕಾಮೆಂಟ್ ಮಾಡುವುದು ಮತ್ತೊಂದು ಸಾಮಾನ್ಯ ತಪ್ಪು. ಕಾಮೆಂಟನ್ನು ಯಾರು ಓದಬಲ್ಲರೆಂಬುದನ್ನು ನಿರ್ಧರಿಸುವುದು ಪೋಸ್ಟಿನ ಒಡೆಯ ಆಯ್ದುಕೊಂಡ ವ್ಯಾಪ್ತಿ. ಅಂತೆಯೇ ಇಂದು ಸೆಟ್ಟಿಂಗ್ ಬದಲಾಯಿಸಿದರೆ ಅದು ಮುಂದಿನ ಪೋಸ್ಟುಗಳಿಗೆ ಅನ್ವಯಿಸುತ್ತದೆ. ಹಿಂದೆ ಸಾರ್ವಜನಿಕವಾಗಿ ಹಾಕಿದವುಗಳ ವ್ಯಾಪ್ತಿಯನ್ನು ಕಡಿಮೆ ಮಾಡಲು ಪ್ರತ್ಯೇಕವಾದ ಆಯ್ಕೆಯೊಂದಿದೆ. ಕಾಲೇಜಿನ ದಿನಗಳಲ್ಲಿ ನಂದಿಬೆಟ್ಟದ ಮೇಲೆ ತೆಗೆದು ಹಾಕಿದ ಚಿತ್ರವು ಹತ್ತು ವರ್ಷದ ಅನಂತರ, ವಿವಾಹದ ಮಾತುಕತೆಯ ಕಾಲದಲ್ಲೋ ಉದ್ಯೋಗದ ಸಂದರ್ಶನದ ಮುನ್ನವೋ, ಅನ್ಯರ ಕಣ್ಣಿಗೆ ಬೀಳುವುದು ಹೀಗೆ.

ಕಂಪನಿಯ ಸಂಗ್ರಹದ ವಿಷಯಕ್ಕೆ ಬಂದರೆ, ವಾಟ್ಸ್‌ಆ್ಯಪ್ ಸಂದೇಶಗಳು 2016ರಿಂದ ಆದ್ಯಂತ ಗೂಢಲಿಪೀಕೃತವಾಗಿವೆಯೆಂಬುದು ಸತ್ಯ. ಸಂದೇಶದ ಒಡಲನ್ನು ಕಂಪನಿಯೂ ಓದಲಾರದು. ಆದರೆ ಈ ಸತ್ಯದ ಎಲ್ಲೆಯನ್ನೂ ಅರಿಯಬೇಕು. ಯಾವ ನಂಬರು ಯಾವ ನಂಬರಿನೊಡನೆ ಎಂದು ವ್ಯವಹರಿಸಿತೆಂಬಂಥ ಹೊರವಿವರಗಳು ಗೂಢಲಿಪಿಯ ಒಳಗೆ ಸೇರಿಲ್ಲ. ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್, ಅದಕ್ಕೆಂದೇ 2021ರಲ್ಲಿ ಬಂದ ಪ್ರತ್ಯೇಕ ಆಯ್ಕೆಯನ್ನು ನಾವೇ ಒತ್ತದಿದ್ದರೆ, ಆ ರಕ್ಷಣೆಯನ್ನು ಪಡೆಯುವುದಿಲ್ಲ. ಸಂದೇಶವನ್ನು ಪಡೆದವನು ರಿಪೋರ್ಟ್ ಮಾಡಿದರೆ ಸಂಭಾಷಣೆಯ ಕೊನೆಯ ಕೆಲವು ಸಂದೇಶಗಳು ಕಂಪನಿಗೆ ತಲಪುತ್ತವೆ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ನೀತಿಯನ್ನು ಬದಲಾಯಿಸಿದಾಗ, ನಮ್ಮ ಖಾಸಗಿ ಸಂದೇಶಗಳನ್ನೆಲ್ಲ ಇನ್ನು ಓದಲಾಗುವುದೆಂಬ ತಪ್ಪು ಭಯ ಹಬ್ಬಿತು. ನಿಜವಾದ ಪ್ರಶ್ನೆಯಿದ್ದದ್ದು ಬಳಕೆದಾರರ ಮಾಹಿತಿಯನ್ನು ತನ್ನ ಒಡೆಯನಾದ ಫೇಸ್‌ಬುಕ್ (ಇಂದಿನ ಮೆಟಾ) ಸಮೂಹದ ಇತರ ಕಂಪನಿಗಳೊಡನೆ ಹಂಚಿಕೊಳ್ಳುವುದನ್ನು ಒಪ್ಪದೆ ಗತ್ಯಂತರವಿಲ್ಲದಂತೆ ಮಾಡಿದ್ದರಲ್ಲಿ. ಆ ಕಾರಣಕ್ಕಾಗಿಯೇ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು.

ಬಿಡಿಯಾಗಿ ನಿರುಪದ್ರವವೆಂದು ತೋರುವ ವಿವರಗಳು ಕೂಡಿದಾಗ ಏನಾಗುತ್ತದೆಂಬುದಕ್ಕೆ ಗೌರಿಬಿದನೂರಿನಲ್ಲೇ ಒಂದು ನಿದರ್ಶನವಿದೆ. ಅಲ್ಲಿ 1965ರಲ್ಲಿ ಆರಂಭವಾಗಿ ಇಂದು ಭಾಭಾ ಅಣು ಸಂಶೋಧನಾ ಕೇಂದ್ರದ ಆಡಳಿತದಲ್ಲಿರುವ ಭೂಕಂಪಮಾಪಕಗಳ ಜಾಲವು ಹೊಲಗಳ ನಡುವೆ ಎರಡು ಬಾಹುಗಳಾಗಿ ಹರಡಿಕೊಂಡಿದೆ. ಸಾವಿರಾರು ಮೈಲಿಗಳಾಚೆ ನೆಲದಡಿ ನಡೆದ ಅಣುಸ್ಫೋಟದ ಕಂಪನವು ಒಂದೊಂದು ಮಾಪಕವನ್ನೂ ತಲಪುವ ಹೊತ್ತಿಗೆ, ಗಾಳಿ ಮರ ವಾಹನಗಳ ಅಲುಗಾಟದಿಂದ ಬೇರ್ಪಡಿಸಲಾರದಷ್ಟು ಕ್ಷೀಣವಾಗಿರಬಹುದು. ಆದರೆ ಎಲ್ಲ ಮಾಪಕಗಳ ದಾಖಲೆಗಳನ್ನು ಅವುಗಳ ಕಾಲಾಂತರಕ್ಕೆ ಹೊಂದಿಸಿ ಕೂಡಿಸಿದಾಗ, ಸ್ಫೋಟವು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ನಡೆಯಿತೆಂಬುದು ವೇದ್ಯವಾಗುತ್ತದೆ. ಹಾಗೆಯೇ ಹುಟ್ಟುಹಬ್ಬದ ಶುಭಾಶಯ, ಹೊಸ ಸ್ಕೂಟರಿನ ಪೂಜೆಯ ಚಿತ್ರದಲ್ಲಿ ಕಾಣುವ ನಂಬರ್ ಪ್ಲೇಟು, ಮಗನಿಗೆ ಸೀಟು ಸಿಕ್ಕ ಕಾಲೇಜಿನ ಹೆಸರು, ಗ್ರೂಪಿನಲ್ಲಿರುವ ಫೋನ್ ನಂಬರು, ಇವುಗಳಲ್ಲಿ ಯಾವುದೊಂದೂ ರಹಸ್ಯವಲ್ಲ. ಇವುಗಳನ್ನು ಕೂಡಿಸಿದ ವಂಚಕನು ಮಾತ್ರ, ನಿಮ್ಮ ಮಗ ಇಂಥ ಕಾಲೇಜಿನ ಬಳಿ ಪೊಲೀಸರಿಗೆ ಸಿಕ್ಕಿಬಿದ್ದಿದ್ದಾನೆಂದು ಹೆಸರು ಹಿಡಿದು ತಾಯಿಯನ್ನು ಬೆದರಿಸಿ ಹಣ ಕೀಳಬಲ್ಲನು.

ಖಾಸಗಿತನವು ಕೇವಲ ನನ್ನ ಸೊತ್ತು, ನನ್ನ ಸೆಟ್ಟಿಂಗ್ ಸರಿಯಿದ್ದರೆ ನಾನು ಸುರಕ್ಷಿತ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಆ್ಯಪೊಂದರ ಮೂಲಕ ಹೀರಿದ ಮಾಹಿತಿಯು ರಾಜಕೀಯ ಸಲಹಾ ಸಂಸ್ಥೆಯೊಂದರ ಕೈಸೇರಿದ ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ ಫೇಸ್‌ಬುಕ್ 2018ರ ಏಪ್ರಿಲ್‌ನಲ್ಲಿ ತಾನೇ ಒಪ್ಪಿಕೊಂಡ ಲೆಕ್ಕ ಇದನ್ನು ನಿಸ್ಸಂದೇಹವಾಗಿ ತೋರಿಸುತ್ತದೆ: ಮಾಹಿತಿ ಹೀರಿದ ಆ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು ಕೇವಲ 335 ಜನ, ಅದನ್ನು ಹಾಕಿಕೊಂಡವರ ಸ್ನೇಹಸಂಬಂಧದ ಮೂಲಕ ಮಾಹಿತಿ ಸೋರಿರಬಹುದಾದ ಭಾರತೀಯರು 5,62,120. ಐದೂವರೆ ಲಕ್ಷಕ್ಕೂ ಮಿಕ್ಕ ಜನರ ಖಾಸಗಿತನವು ಅವರ ಸ್ನೇಹಿತರ ಕೈಬೆರಳಿನಲ್ಲಿತ್ತು. ನಮ್ಮ ಊರುಗಳಲ್ಲಿ ಇದೇ ಸಂಗತಿ ದಿನವೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಮದುವೆಗೆ ಬಂದ ಅತಿಥಿಯು ಊಟದ ಪಂಕ್ತಿಯಲ್ಲಿ ಕುಳಿತವರ ವಿಡಿಯೊ ಹಾಕುತ್ತಾನೆ. ಶಾಲೆಯ ಪ್ರವಾಸದ ಚಿತ್ರಗಳನ್ನು ಪೋಷಕರನ್ನು ಕೇಳದೆಯೇ ಸಾರ್ವಜನಿಕ ಪುಟಕ್ಕೇರಿಸಲಾಗುತ್ತದೆ. ಆಸ್ಪತ್ರೆಯಲ್ಲಿ ಮಲಗಿದ ಬಂಧುವಿನ ಚಿತ್ರವು, ಅವನಿಗೆ ಎಚ್ಚರ ಬರುವ ಮೊದಲೇ, ಸಂತಾಪದ ಕೈಮುಗಿತಗಳನ್ನು ಗಳಿಸುತ್ತಿರುತ್ತದೆ. ಅವರವರ ಸೆಟ್ಟಿಂಗ್ಸ್ ಎಷ್ಟು ಬಿಗಿಯಾಗಿದ್ದರೂ ಇಲ್ಲಿ ನಿಷ್ಫಲ.

ಒಬ್ಬನಿಗೆ ಒಂದು ಫೋನು, ಅದರ ಒಡೆತನ ಅವನದೇ ಎಂಬ ಕಲ್ಪನೆಯ ಮೇಲೆ ಈ ಸೆಟ್ಟಿಂಗ್ಸ್ ರಚಿತವಾಗಿವೆಯೆಂಬುದನ್ನೂ ಮರೆಯಲಾಗದು. ನಮ್ಮ ಅನೇಕ ಮನೆಗಳಲ್ಲಿ ಫೋನು ಕುಟುಂಬದ ಸೊತ್ತು. ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಹೆಣ್ಣುಮಗಳ ಫೋನಿನ ಪಿನ್ ತಮ್ಮನಿಗೂ ಗೊತ್ತು, ಗಂಡನಿಗೂ ಗೊತ್ತು. ಹೊಸ ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗನೇ ಗೂಗಲ್ ಖಾತೆಯನ್ನು ತೆರೆದು, ತಾನೇ ಒಂದು ಪಾಸ್‌ವರ್ಡ್ ಕೊಟ್ಟು, ಆಕೆಗೆ ತಿಳಿಸದೆಯೇ ಕೈಗಿಡುವುದುಂಟು. ಫೋನು ಒಂದು ನಿಮಿಷ ಅನ್ಯರ ಕೈಗೆ ಸಿಕ್ಕರೂ, ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್ ಎಂಬಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆಕೆಯ ಸಂದೇಶಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಓದಬಹುದು. ಗೂಢಲಿಪಿಯು ಇದನ್ನು ತಡೆಯದು, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ಓದುತ್ತಿರುವವಳು ಆಕೆಯೇ. ಹೆಣ್ಣುಮಕ್ಕಳಿಗೆ ಚಿತ್ರ ಹಾಕಬೇಡವೆಂದು ಬುದ್ಧಿ ಹೇಳುವ ಮನೆಗಳು, ಆಕೆಯ ಫೋನಿಗೆ ಆಕೆಯೊಬ್ಬಳೇ ಅರಿತ ಪಿನ್ ಇರುವ ಹಕ್ಕನ್ನು ಒಪ್ಪದಿದ್ದರೆ ಆ ಬುದ್ಧಿವಾದಕ್ಕೆ ನೈತಿಕ ಬಲವಿಲ್ಲ.

ಕಾನೂನು ಏನು ಹೇಳುತ್ತದೆ? ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂಬುದನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಎತ್ತಿಹಿಡಿಯಿತು; ಆ ಪ್ರಕರಣಕ್ಕೆ ಕಾರಣವಾದ ಅರ್ಜಿಯನ್ನು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ವಿಷಯ. ಅನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿ ನಿಗದಿಯಾಯಿತು. ಹದಿನೆಂಟು ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಸಮ್ಮತಿ ಬೇಕೆಂಬುದು ಅದರ ಶ್ಲಾಘ್ಯವಾದ ವಿಧಿ.

ಆದರೆ ಈ ಕಾಯ್ದೆಯ ಮೂರನೆಯ ಕಲಮನ್ನು ಪ್ರತಿಯೊಬ್ಬರೂ ಮನಗಾಣಬೇಕು. ವ್ಯಕ್ತಿಯು ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೂ ಅನ್ವಯಿಸುವುದಿಲ್ಲ. ಎಂದರೆ ಪಬ್ಲಿಕ್ ಎಂಬ ಒಂದು ಆಯ್ಕೆಯನ್ನು ಅರಿಯದೆ ಒತ್ತಿದವನು ಆ ಮಟ್ಟಿಗೆ ಈ ಕಾಯ್ದೆಯ ಆಶ್ರಯವನ್ನೇ ತ್ಯಜಿಸಿದಂತಾಗುತ್ತದೆ. ಮತ್ತು ನಮ್ಮ ಚಿತ್ರವನ್ನು ಬಂಧುಗಳ ಗ್ರೂಪಿಗೆ ಫಾರ್ವರ್ಡ್ ಮಾಡುವ ಬಂಧುವನ್ನು ಈ ಕಾಯ್ದೆಯಡಿ ಪ್ರಶ್ನಿಸುವುದು ದುಸ್ಸಾಧ್ಯ. ದೇಹದ ಗುಪ್ತಭಾಗದ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆದವನನ್ನೂ ಹರಡಿದವನನ್ನೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಮಾಡುತ್ತದೆ. ಆ ಘೋರ ಅಪರಾಧಕ್ಕೂ ದಿನನಿತ್ಯದ ಸಣ್ಣ ಅತಿಕ್ರಮಣಕ್ಕೂ ನಡುವೆ ಇರುವ ವಿಸ್ತಾರವಾದ ಪ್ರದೇಶವನ್ನು ಕಾಯತಕ್ಕದ್ದು ನಮ್ಮ ಸದಾಚಾರ.

ನನ್ನಲ್ಲಿ ಮುಚ್ಚಿಡುವಂಥದೇನೂ ಇಲ್ಲ, ಆದ್ದರಿಂದ ನನಗೆ ಇದರ ಚಿಂತೆಯಿಲ್ಲ ಎನ್ನುವವರಿದ್ದಾರೆ. ಅವರ ಪ್ರಾಮಾಣಿಕತೆ ಪ್ರಶಂಸನೀಯವೇ. ಆದರೆ ಖಾಸಗಿತನವು ಅಪರಾಧವನ್ನು ಮುಚ್ಚಿಡುವ ಉಪಾಯವಲ್ಲ. ತನ್ನ ಬದುಕಿನ ಯಾವ ಭಾಗವನ್ನು ಯಾರ ಮುಂದೆ ತೆರೆಯಬೇಕೆಂಬುದನ್ನು ತಾನೇ ನಿಷ್ಕರ್ಷಿಸುವ ಗೌರವ ಅದು. ಕಾಯಿಲೆಯನ್ನು ವೈದ್ಯರಿಗೂ, ಸಾಲವನ್ನು ಸಾಹುಕಾರನಿಗೂ, ದುಃಖವನ್ನು ಸ್ನೇಹಿತನಿಗೂ ಹೇಳುವ ಮನುಷ್ಯ ಮೂರನ್ನೂ ಮೂವರಿಗೂ ಹೇಳುವುದಿಲ್ಲ.

ಎಲ್ಲ ಹೊಣೆಯನ್ನೂ ಬಳಕೆದಾರನ ಮೇಲೆ ಹೊರಿಸುವುದು ಅನ್ಯಾಯವೆಂಬುದನ್ನೂ ಇಲ್ಲಿ ಹೇಳಲೇಬೇಕು. ಫೇಸ್‌ಬುಕ್ 2009ರಲ್ಲಿ ಬಳಕೆದಾರರ ಹಲವು ವಿವರಗಳನ್ನು ತಾನಾಗಿ ಸಾರ್ವಜನಿಕಗೊಳಿಸಿದ ಕ್ರಮವು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ವಿಚಾರಣೆಗೆ ಕಾರಣವಾಯಿತು. ಆ ಕಮಿಷನ್‌ಗೆ ಕೊಟ್ಟ ವಾಗ್ದಾನವನ್ನು ಮೀರಿದ್ದಕ್ಕಾಗಿ 2019ರಲ್ಲಿ ಫೇಸ್‌ಬುಕ್ಕಿಗೆ 500 ಕೋಟಿ ಡಾಲರ್ ದಂಡ ಬಿತ್ತು. ಹದಿಹರೆಯದವರೆಲ್ಲರ ಇನ್‌ಸ್ಟಾಗ್ರಾಂ ಖಾತೆಗಳನ್ನು ತಾನಾಗಿ ಪ್ರೈವೇಟ್ ಆಗಿಸುವ ವ್ಯವಸ್ಥೆ ಭಾರತಕ್ಕೆ ಬಂದದ್ದು 2025ರಲ್ಲಿ. ಬಳಕೆದಾರನು ಏನನ್ನೂ ಮುಟ್ಟದಿದ್ದಾಗ ಇರುವ ಸ್ಥಿತಿಯೇ ಸುರಕ್ಷಿತ ಸ್ಥಿತಿಯಾಗಿರಬೇಕೆಂದೂ, ಪ್ರತಿಯೊಂದು ಆಯ್ಕೆಯ ಫಲವನ್ನು ಸುಲಭವಾದ ಕನ್ನಡದಲ್ಲಿ ಅದೇ ಪುಟದಲ್ಲಿ ವಿವರಿಸಿರಬೇಕೆಂದೂ ಕಂಪನಿಗಳನ್ನು ನಿರ್ಬಂಧಿಸುವುದು ಸರ್ಕಾರದ ಕರ್ತವ್ಯ.

ಕಂಪನಿಗಳೂ ಸರ್ಕಾರವೂ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ, ಹಾಲಿನ ಡೇರಿಯ ಜಗಲಿಯಲ್ಲಿ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಹರಾಜು ಮುಗಿಯುವುದನ್ನು ಕಾಯುವ ಹೊತ್ತಿನಲ್ಲಿ, ಈ ವಿಷಯವನ್ನು ಬಲ್ಲ ಕಾಲೇಜು ವಿದ್ಯಾರ್ಥಿಗಳು ಹಿರಿಯರ ಪಕ್ಕದಲ್ಲಿ ಕುಳಿತು ಸೆಟ್ಟಿಂಗ್ಸ್ ಪುಟವನ್ನು ಸಾಲುಸಾಲಾಗಿ ಓದಿಸಬಹುದು. ಅಗತ್ಯಬಿದ್ದ ಮನೆಗಳಲ್ಲಿ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ವಿವರಿಸಬಹುದು. ತಾವೇ ಒತ್ತಿಕೊಡದೆ ಹಿರಿಯರ ಬೆರಳಿನಿಂದಲೇ ಒತ್ತಿಸಬೇಕು, ಏಕೆಂದರೆ ಬೇರೆಯವರು ಮಾಡಿಕೊಟ್ಟ ಸೆಟ್ಟಿಂಗ್ ಮುಂದಿನ ಫೋನು ಬಂದಾಗ ನೆರವಿಗೆ ಬಾರದು.

ಓದುಗರಲ್ಲಿ ವಿನಂತಿಯಿಷ್ಟೆ. ಇಂದೇ ವಾಟ್ಸ್‌ಆ್ಯಪ್‌ನ ಪ್ರೈವೆಸಿ ಪುಟವನ್ನು ತೆರೆದು ಡಿಪಿ, ಸ್ಟೇಟಸ್, ಗ್ರೂಪಿಗೆ ಸೇರಿಸುವವರು ಎಂಬ ಮೂರು ಸಾಲುಗಳನ್ನು ಪರಿಶೀಲಿಸಿರಿ. ಲಿಂಕ್ಡ್ ಡಿವೈಸಸ್‌ನಲ್ಲಿ ನಿಮ್ಮದಲ್ಲದ ಯಂತ್ರವಿದ್ದರೆ ತೆಗೆದುಹಾಕಿರಿ. ಟೂ ಸ್ಟೆಪ್ ವೆರಿಫಿಕೇಷನ್‌ಗೆ ನೀವೊಬ್ಬರೇ ಬಲ್ಲ ಪಿನ್ ಇಡಿರಿ. ಫೇಸ್‌ಬುಕ್‌ನ ಹಳೆಯ ಪೋಸ್ಟುಗಳ ವ್ಯಾಪ್ತಿಯನ್ನು ಕುಗ್ಗಿಸಿರಿ. ಹಣ ಕಳೆದುಕೊಂಡ ಪ್ರಸಂಗ ಒದಗಿದರೆ ನಾಚದೆ, ತಡಮಾಡದೆ 1930ಕ್ಕೆ ಕರೆ ಮಾಡಿರಿ, ಸೈಬರ್ ಅಪರಾಧಗಳನ್ನು ವಿಚಾರಿಸುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿರಿ. ಇವೆಲ್ಲಕ್ಕಿಂತ ಮೊದಲು, ಇನ್ನೊಬ್ಬರ ಚಿತ್ರವನ್ನಾಗಲಿ ಮಾತನ್ನಾಗಲಿ ಫಾರ್ವರ್ಡ್ ಮಾಡುವ ಮುನ್ನ ಅವರನ್ನು ಒಂದು ಮಾತು ಕೇಳಿರಿ. ಯಾವ ಕಂಪನಿಯೂ ತನ್ನ ಸೆಟ್ಟಿಂಗ್ಸ್ ಪುಟದಲ್ಲಿ ಕೊಡಲಾರದ ರಕ್ಷಣೆಯನ್ನು ನೆರೆಹೊರೆಯವರಿಗೆ ಕೊಡುವ ಶಕ್ತಿ ಆ ಒಂದು ಮಾತಿಗಿದೆ.